ಳಕಾರದ ಬಾಲ

ಸುಂಟಿಕೊಪ್ಪದಿಂದ ಆಚೆ, ತೋಟದ ಆಫೀಸಿನಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ರೈಟರು.
ಚೆಕ್‌ರೋಲು, ಗೊಬ್ಬರದ ಮೂಟೆ, ಕುಯ್ದ ಹಣ್ಣಿನ ಕಿಲೋ,
ಆನೆ ಮುರಿದ ಬೇಲಿಗೆ ಎಷ್ಟು ಗೂಟ,
ಎಲ್ಲ ಎಡಗೈಯಲ್ಲಿ, ಪುಸ್ತಕವನ್ನು ಓರೆಗೆ ಇಟ್ಟುಕೊಂಡು.
ಮ್ಯಾನೇಜರು ಬಂದಾಗಲೆಲ್ಲ ಅದನ್ನು ನೆಟ್ಟಗೆ ಮಾಡಿ ಹೋಗುತ್ತಾರೆ.
ಅವರ ಜೀಪು ತಿರುವು ದಾಟಲಿ ಎಂದು ಕಾಯುತ್ತೇನೆ.

ಒಂದನೇ ಕ್ಲಾಸಿನಲ್ಲಿ ಈ ಕೈಯನ್ನು
ಚಡ್ಡಿಯ ಲಾಡಿಗೆ ಕಟ್ಟಿದ್ದರು ಬೇರೆ ಮೇಷ್ಟ್ರೊಬ್ಬರು.
ಬಿಚ್ಚಿದವರು ಅಪೊಲಿನ್ ಟೀಚರ್.
ಏನೂ ಹೇಳಲಿಲ್ಲ. ಗಂಟು ಬಿಗಿಯಾಗಿತ್ತು,
ಬಗ್ಗಿ ಹಲ್ಲಿನಿಂದ ಎಳೆದರು.
ಆಮೇಲೆ ಬೋರ್ಡಿಗೆ ಹೋಗಿ ಸೀಮೆಸುಣ್ಣವನ್ನು
ತಮ್ಮ ಎಡಗೈಗೆ ಬದಲಿಸಿ ‘ಅ’ ಬರೆದರು:
ಮಗುಚಿ ಬಿದ್ದ ಜೀರುಂಡೆ.
ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.
“ನಗಿ, ನಗಿ. ನಾನೂ ಇವತ್ತೇ ಶಾಲೆಗೆ ಸೇರಿದ್ದು” ಎಂದರು.
ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರಿಗೂ ಬಂತು.

ಸಂತರ ಹಾಗೇನೂ ಇರಲಿಲ್ಲ. ಕಿವಿ ಹಿಂಡುತ್ತಿದ್ದರು,
ಉಗುರು ಊರುವ ಹಾಗೆ. ಸೀಮೆಸುಣ್ಣದಲ್ಲಿ ಜಿಪುಣಿ;
ಚೂರುಗಳನ್ನೆಲ್ಲ ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಟ್ಟು
ಬೆರಳು ಬೋರ್ಡಿಗೆ ತಾಗುವ ತನಕ ಬರೆಯುತ್ತಿದ್ದರು.
ಮಧ್ಯಾಹ್ನ ನೀತಿಪಾಠಕ್ಕೆ ಅವರಿಗೇ ತೂಕಡಿಕೆ.
ಇಗರ್ಜಿಯ ಗಂಟೆ ಹೊಡೆದರೆ ಎದ್ದು,
ಎದೆಯ ಮೇಲೆ ಗಡಿಬಿಡಿಯ ಶಿಲುಬೆ ಗೀಚಿ,
ಬಿಟ್ಟ ಅಕ್ಷರಕ್ಕೇ ವಾಪಸು.

ಮನೆಯಲ್ಲಿ ಅವರದು ಕೊಂಕಣಿ. ನಮ್ಮದು
ಬೆಂಚಿಗೊಂದು: ಕೊಡವ ತಕ್ಕ್, ಮಲಯಾಳ, ತಮಿಳು, ಯೆರವ, ಅರೆಭಾಷೆ.
“ಅದನ್ನು ಕಳಕೊಳ್ಳಬೇಡಿ, ಇದನ್ನೂ ಇಟ್ಟುಕೊಳ್ಳಿ.”
‘ಳ’ ಕಲಿಸಿದ ದಿನ ಮಾತ್ರ ದನಿ ಎತ್ತರಿಸಿದರು:
“ಕೊಡಗಿನಲ್ಲಿ ಇದಿಲ್ಲದೆ ಒಂದು ದಿನ ಬದುಕಿ ನೋಡುವ!
ಮಳೆ ಇಲ್ಲ, ಹೊಳೆ ಇಲ್ಲ, ಕಿತ್ತಳೆ ಇಲ್ಲ,
ಒಳ್ಳೆಮೆಣಸು ಇಲ್ಲ. ಬೆಳಗೇ ಆಗುವುದಿಲ್ಲ.”
ಅದರ ಬಾಲವನ್ನು ಕೆಳಗಿಳಿಸಿ, ಒಂದು ಗಳಿಗೆ ನಿಂತು,
ಮೆಲ್ಲಗೆ ಮೇಲೆತ್ತುತ್ತಿದ್ದರು,
ಸಿಲ್ವರ್ ಓಕಿಗೆ ಕೈ ಚಾಚುವ ಬಳ್ಳಿಯ ಕುಡಿಯ ಹಾಗೆ.
ಯಾವ ಪುಸ್ತಕದಲ್ಲೂ ಹಾಗಿರಲಿಲ್ಲ.

ಈ ಸಲದ ಹೂಮಳೆಯ ಮರುವಾರ ತೀರಿಕೊಂಡರು.
ಗುಡ್ಡವೆಲ್ಲ ಬಿಳಿ; ಕಾಫಿ ಹೂವಿನ ವಾಸನೆಗೆ
ಮೇಣದಬತ್ತಿಯ ವಾಸನೆ ಗೊತ್ತೇ ಆಗಲಿಲ್ಲ.
ಇಗರ್ಜಿಯ ಬಾಗಿಲಲ್ಲೊಂದು ಮೇಜು,
ಬಂದವರು ಹೆಸರು ಬರೆಯಲಿಕ್ಕೆ ಗೀಟು ಹಾಕಿದ ಪುಸ್ತಕ.
ನನಗಿಂತ ಮೊದಲು ಬರೆದವರು:
ರಿಟೈರಾದ ಸುಬೇದಾರ್ ಬೆಳ್ಳಿಯಪ್ಪ.
ಮಡಿಕೇರಿ ಆಸ್ಪತ್ರೆಯ ನರ್ಸ್ ಸರಳಾ.
ಗ್ಯಾರೇಜಿನ ಮುರಳಿ, ಗ್ರೀಸಿನ ಬೆರಳಿನ ಸಮೇತ.
ಒಬ್ಬರ ಮುಖ ಒಬ್ಬರಿಗೆ ಗುರುತಿಲ್ಲ.
ಪುಟದ ತುಂಬ ಅದೇ ಬಾಲ,
ಇಳಿದು, ನಿಂತು, ಮೇಲೆತ್ತಿದ್ದು.

ಉಮ್ಮರ್. ನನ್ನ ಹೆಸರಿನಲ್ಲಿ ‘ಳ’ ಇಲ್ಲ.
ಪುಸ್ತಕವನ್ನು ಓರೆ ಮಾಡಿಕೊಂಡೆ. ಅಷ್ಟಕ್ಕೆ ಬಿಟ್ಟು ಬರಲಾಗಲಿಲ್ಲ.
ಪಕ್ಕದಲ್ಲಿ ‘ಊರು’ ಎಂದಿದ್ದ ಕಡೆ
‘ಕಿತ್ತಳೆ’ ಎಂದು ಬರೆದು ಬಂದೆ.

ನಿನ್ನೆ ಬಟವಾಡೆ. ಲೈನಿನ ಕಾಳಿ,
ಅವರ ಕ್ಲಾಸಿನಲ್ಲಿ ಒಂದೂವರೆ ವರ್ಷ ಕೂತವಳು,
ಕುಯ್ಲಿಗೆಂದು ಹೋದವಳು ಮತ್ತೆ ಶಾಲೆಗೆ ಬರಲೇ ಇಲ್ಲ,
ಹೆಬ್ಬೆಟ್ಟಿನ ಪ್ಯಾಡನ್ನು ಮೊಣಕೈಯಿಂದ ದೂಡಿ
ಪೆನ್ನು ತೆಗೆದುಕೊಂಡಳು.
ಎರಡೇ ಅಕ್ಷರ. ಎರಡನೆಯದಕ್ಕೆ ಹೊತ್ತು ಹಿಡಿಯಿತು.
ಹಿಂದೆ ಸಾಲು ಗೊಣಗಿತು: ಬೇಗ, ಬೇಗ, ಬಸ್ಸು ಹೋಗುತ್ತದೆ.
ನಾನು ಏನೂ ಹೇಳಲಿಲ್ಲ.
ಬಾಲ ಗೀಟು ದಾಟಿ ಕೆಳಗಿಳಿದಿತ್ತು,
ಇನ್ನೂ ಮೇಲೆ ಬರಬೇಕಿತ್ತು.